ಓದಲು ಬಾರದವರ ಪುಸ್ತಕ

1928ರ ಫೆಬ್ರವರಿ 1ರಂದು ಮಾಸ್ಕೋದ ‘ಪ್ರಾವ್ದಾ’ ಪತ್ರಿಕೆ ಒಂದು ಮೊಸಳೆಯ ಮೇಲೆ ಹರಿಹಾಯ್ದಿತು. ಬರೆದವರು ಲೆನಿನ್ ಪತ್ನಿ, ಸೋವಿಯತ್ ಶಿಕ್ಷಣ ಇಲಾಖೆಯಲ್ಲಿ ದೊಡ್ಡ ಮಾತಿದ್ದ ನದೇಝ್ದಾ ಕ್ರೂಪ್‌ಸ್ಕಾಯಾ. ಮೊಸಳೆ ಕೊರ್ನೇಯ್ ಚುಕೋವ್‌ಸ್ಕಿಯವರದು. ಅವರ ಮಕ್ಕಳ ಪದ್ಯಕಥೆಯಲ್ಲಿ ಆ ಪ್ರಾಣಿ ಪೆಟ್ರೊಗ್ರಾದ್ ನಗರದ ಬೀದಿಯಲ್ಲಿ ಸಿಗರೇಟು ಸೇದುತ್ತ, ಟರ್ಕಿ ಭಾಷೆ ಮಾತಾಡುತ್ತ ತಿರುಗಾಡುತ್ತದೆ. ಇದನ್ನು ಕೇಳಿದ ಮಗುವಿಗೆ ನಿಜವಾದ ಮೊಸಳೆಯ ಬದುಕಿನ ಬಗ್ಗೆ ಏನು ತಿಳಿದಂತಾಯಿತು ಎಂಬುದು ಕ್ರೂಪ್‌ಸ್ಕಾಯಾ ಅವರ ಆಕ್ಷೇಪ. ಇಂಥ ಪುಸ್ತಕವನ್ನು ಮಕ್ಕಳ ಕೈಗೆ ಕೊಡಬಾರದು ಎಂಬುದು ತೀರ್ಪು. ಮರು ತಿಂಗಳು ಸಾಹಿತಿ ಗೋರ್ಕಿ ಚುಕೋವ್‌ಸ್ಕಿ ಪರವಾಗಿ ಇಟಲಿಯಿಂದ ಬರೆದ ಪತ್ರ ಅದೇ ಪತ್ರಿಕೆಯಲ್ಲಿ ಅಚ್ಚಾಗಿ ಚುಕೋವ್‌ಸ್ಕಿ ಸ್ವಲ್ಪ ಉಸಿರು ಬಿಡುವಂತಾಯಿತು.

ಚುಕೋವ್‌ಸ್ಕಿ ಸುಮ್ಮನೆ ಕೂರುವ ಆಸಾಮಿಯಲ್ಲ. ವರ್ಷಗಟ್ಟಲೆ ಎಳೆಯ ಮಕ್ಕಳ ಮಾತನ್ನು ಬರೆದಿಟ್ಟುಕೊಂಡಿದ್ದರು. ಆ ಟಿಪ್ಪಣಿಗಳೇ ಮುಂದೆ ‘ಎರಡರಿಂದ ಐದರವರೆಗೆ’ ಎಂಬ ಪುಸ್ತಕವಾದವು. ಅದರಲ್ಲೊಂದು ಪ್ರಸಂಗ ಬರುತ್ತದೆ. ಅವರ ಮಗಳು, ಇನ್ನೂ ಎರಡು ತುಂಬದ ಕೂಸು, ಒಂದು ದಿನ ಅಪ್ಪನ ಹತ್ತಿರ ಬಂದು ನಾಯಿ ಮಿಯಾಂವ್ ಅನ್ನುತ್ತದೆ ಎಂದು ಹೇಳಿ ತಾನೇ ನಕ್ಕಳು. ನಾಯಿ ಬೊಗಳುತ್ತದೆ ಎಂದು ಗಟ್ಟಿಯಾಗಿ ಗೊತ್ತಿರುವ ಮಗುವಿಗೆ ಮಾತ್ರ ಇದು ನಗುವ ಸಂಗತಿ. ತಲೆಕೆಳಗು ಲೋಕ ಮಗುವನ್ನು ದಾರಿ ತಪ್ಪಿಸುತ್ತದೆ ಎನ್ನುವವರಿಗೆ ಚುಕೋವ್‌ಸ್ಕಿ ಕೊಟ್ಟ ಉತ್ತರ ಇದೇ: ತಾನು ಕಲಿತದ್ದು ಸರಿಯೇ ಎಂದು ಮಗು ಆ ತಲೆಕೆಳಗಿನ ಲೋಕದಲ್ಲೇ ಒರೆಗೆ ಹಚ್ಚಿ ನೋಡುತ್ತದೆ.

ಹೆಚ್ಚುಕಮ್ಮಿ ಅದೇ ಕಾಲಕ್ಕೆ ನ್ಯೂಯಾರ್ಕಿನಲ್ಲೂ ಇದೇ ಜಗಳ ನಡೆದಿತ್ತು, ಪಕ್ಷಗಳು ಮಾತ್ರ ಅದಲುಬದಲು. ಅಲ್ಲಿ ಅಧಿಕಾರವಿದ್ದದ್ದು ಕಲ್ಪನೆಯ ಕಡೆಗೆ. ನಗರದ ಸಾರ್ವಜನಿಕ ಗ್ರಂಥಾಲಯದಲ್ಲಿ ಮಕ್ಕಳ ವಿಭಾಗವನ್ನು ಕಟ್ಟಿ ಆಳಿದ ಆ್ಯನ್ ಕ್ಯಾರಲ್ ಮೂರ್ ಅವರಿಗೆ ಕಿನ್ನರ ಕಥೆಗಳೆಂದರೆ ಪ್ರಾಣ. ಇದಿರು ನಿಂತವರು ಶಿಕ್ಷಣ ತಜ್ಞೆ ಲೂಸಿ ಸ್ಪ್ರೇಗ್ ಮಿಚೆಲ್. 1921ರಲ್ಲಿ ಬಂದ ತಮ್ಮ ‘ಹಿಯರ್ ಅಂಡ್ ನೌ ಸ್ಟೋರಿ ಬುಕ್’ನಲ್ಲಿ ಅವರು ಎಳೆಯ ಮಕ್ಕಳಿಗೆ ಸುತ್ತಲಿನ ಲೋಕವೇ ಸಾಕಷ್ಟು ವಿಸ್ಮಯ ಎಂದು ವಾದಿಸಿದರು. ಎರಡು ವರ್ಷದ ಮಗುವಿಗೆ ಬೀದಿಯ ಎಂಜಿನ್ನು ರಾಜಕುಮಾರಿಗಿಂತ ಯಾವ ರೀತಿಯಲ್ಲಿ ಕಡಿಮೆ?

ಈ ಇಬ್ಬರ ನಡುವೆ ಹುಟ್ಟಿದ ಕೂಸು ‘ಗುಡ್‌ನೈಟ್ ಮೂನ್’. ಬರೆದ ಮಾರ್ಗರೆಟ್ ವೈಸ್ ಬ್ರೌನ್ ಮಿಚೆಲ್ ಅವರ ಶಿಷ್ಯೆ, ಚಿತ್ರ ಕ್ಲೆಮೆಂಟ್ ಹರ್ಡ್ ಅವರದು, ವರ್ಷ 1947. ನೂರಮೂವತ್ತು ಚಿಲ್ಲರೆ ಪದ. ಮೇಲ್ನೋಟಕ್ಕೆ ಕಥೆಯೇ ಇಲ್ಲ: ಹಾಸಿಗೆಯಲ್ಲಿ ಮಲಗಿದ ಮೊಲದ ಮರಿ ಕೋಣೆಯ ಒಂದೊಂದು ವಸ್ತುವಿಗೂ ಶುಭರಾತ್ರಿ ಹೇಳುತ್ತದೆ, ಅಷ್ಟೆ. ಆದರೆ ಚಿತ್ರದೊಳಗೆ ಬೇರೆಯದೇ ವ್ಯವಹಾರ ಸಾಗಿದೆ. ಗಡಿಯಾರದ ಮುಳ್ಳು 7 ಗಂಟೆಯಿಂದ 8 ಗಂಟೆ 10 ನಿಮಿಷಕ್ಕೆ ಸರಿಯುತ್ತದೆ. ಕೋಣೆ ಪುಟದಿಂದ ಪುಟಕ್ಕೆ ಕತ್ತಲಾಗುತ್ತದೆ, ಕಿಟಕಿಯಲ್ಲಿ ಚಂದ್ರ ಮೇಲೇರುತ್ತಾನೆ. ಒಂದು ಪುಟಾಣಿ ಇಲಿ ಜಾಗ ಬದಲಿಸುತ್ತ ಹೋಗುತ್ತದೆ. ಅದನ್ನು ಪ್ರತಿ ಸಲ ಮೊದಲು ಹಿಡಿಯುವುದು ಮಗು, ಓದಿ ಹೇಳುತ್ತಿರುವ ದೊಡ್ಡವರಿಗೆ ಅದು ಕಾಣುವುದು ಮಗು ಬೆರಳಿಟ್ಟ ಮೇಲೆ. ನಡುವೆ ಒಂದು ಪುಟ ಪೂರಾ ಖಾಲಿ: ಅಲ್ಲಿ ಯಾರೂ ಇಲ್ಲ, ಆ ಯಾರೂ ಅಲ್ಲದವರಿಗೂ ಶುಭರಾತ್ರಿ ಸಲ್ಲುತ್ತದೆ. ಬಾಚಣಿಗೆ, ಬ್ರಷ್ಷು, ಗಂಜಿಯ ಬಟ್ಟಲು ಎಲ್ಲ ಮಿಚೆಲ್ ಅವರ ‘ಇಲ್ಲಿ, ಈಗ’ದ ಸಾಮಾನುಗಳೇ, ಅವು ಮಾತಿಗೆ ಎದುರಾದದ್ದೇ ತಡ, ಮೂರ್ ಅವರ ಮಾಯಾಲೋಕಕ್ಕೆ ಸೇರಿಬಿಡುತ್ತವೆ.

ಮೂರ್ ಅವರಿಗೆ ಮಾತ್ರ ಪುಸ್ತಕ ಹಿಡಿಸಲಿಲ್ಲ. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಕಪಾಟಿಗೆ ಅದು ಬಂದಿದ್ದು 1972ರಲ್ಲಿ. ಆ ಹೊತ್ತಿಗೆ ಬ್ರೌನ್ ತೀರಿಕೊಂಡು 20 ವರ್ಷ. 2020ರಲ್ಲಿ ತನ್ನ 125ನೇ ವರ್ಷಕ್ಕೆ ಗ್ರಂಥಾಲಯ ಅತಿ ಹೆಚ್ಚು ಎರವಲು ಹೋದ 10 ಪುಸ್ತಕಗಳ ಪಟ್ಟಿ ಮಾಡಿತು. ಮೊದಲ ಸ್ಥಾನ ಇನ್ನೊಂದು ಚಿತ್ರಪುಸ್ತಕಕ್ಕೆ, ಎಜ್ರಾ ಜ್ಯಾಕ್ ಕೀಟ್ಸ್ ಅವರ ‘ದ ಸ್ನೋಯಿ ಡೇ’ಗೆ ಸಿಕ್ಕಿತು. ‘ಗುಡ್‌ನೈಟ್ ಮೂನ್’ಗೆ ಪಟ್ಟಿಯ ಹೊರಗೆ ಒಂದು ಗೌರವದ ಉಲ್ಲೇಖ ಕೊಟ್ಟು, ಅದು ತಡವಾಗಿ ಒಳಗೆ ಬಂದ ಕಥೆಯನ್ನು ಗ್ರಂಥಾಲಯ ತಾನೇ ಒಪ್ಪಿಕೊಂಡಿತು.

ಮೂರು ವರ್ಷದೊಳಗಿನ ಮಕ್ಕಳ ಪುಸ್ತಕದಲ್ಲಿ ಕಲ್ಪನೆಯನ್ನು ಹುಡುಕುವವರು ಸಾಮಾನ್ಯವಾಗಿ ಕಥಾವಸ್ತುವನ್ನು ಕೆದಕುತ್ತಾರೆ. ರಾಕ್ಷಸ ಇದ್ದಾನೆಯೇ, ಮಾತಾಡುವ ಮೊಲ ಇದೆಯೇ, ಕುದುರೆಗೆ ರೆಕ್ಕೆ ಬಂದಿದೆಯೇ? ಮಾಸ್ಕೋದ ಜಗಳವೂ ನ್ಯೂಯಾರ್ಕಿನ ಜಗಳವೂ ಅಲ್ಲೇ ಸುತ್ತಿದವು. ಆದರೆ ಒಳ್ಳೆಯ ಚಿತ್ರಪುಸ್ತಕ ಮಾಡಿದವರ ಕೆಲಸವನ್ನು ಹತ್ತಿರದಿಂದ ನೋಡಿದರೆ ಅವರ ಗಮನವೆಲ್ಲ ಬೇರೆ ಕಡೆಗಿತ್ತು ಎಂದು ತಿಳಿಯುತ್ತದೆ: ಏನನ್ನು ಹೇಳದೆ ಬಿಡಬೇಕು, ಪುಟ ತಿರುವುವ ಮುಂಚೆ ಮಗು ಏನನ್ನು ಊಹಿಸಬೇಕು, ಆ ಊಹೆಗೆ ಎಷ್ಟು ಹೊತ್ತು ಕೊಡಬೇಕು. ಈ ಉಪನ್ಯಾಸಕ್ಕೆ ಬೇಕಾದದ್ದು ಆ ಕೈಕೆಲಸ.

ಅದಕ್ಕೂ ಮೊದಲು ಓದುಗನ ಪರಿಚಯ ಆಗಬೇಕು. ಹುಟ್ಟಿದ ಮಗುವಿನ ನೋಟ ಸುಮಾರು 20ರಿಂದ 30 ಸೆಂಟಿಮೀಟರ್ ದೂರಕ್ಕೆ ನಿಲುಕುತ್ತದೆ, ಅಂದರೆ ಹಾಲು ಕುಡಿಯುವಾಗ ತಾಯಿಯ ಮುಖ ಇರುವಷ್ಟು ದೂರ. ಕಪ್ಪು ಬಿಳುಪಿನಂಥ ಗಾಢ ಅಂತರ ಅದಕ್ಕೆ ಬೇಗ ಕಾಣುತ್ತದೆ. ಛಾಯಾಗ್ರಾಹಕಿ ಟಾನಾ ಹೋಬನ್ 1993ರಲ್ಲಿ ಬರೀ ಕಪ್ಪು ಬಿಳುಪಿನ ಆಕಾರಗಳ ಪುಟಾಣಿ ರಟ್ಟಿನ ಪುಸ್ತಕಗಳನ್ನು ಮಾಡಿದ್ದು ಈ ಓದುಗನಿಗಾಗಿಯೇ. ಸ್ವಲ್ಪ ಬೆಳೆದ ಮಗುವಿನ ಬಗ್ಗೆ ಮನೋವಿಜ್ಞಾನಿ ಜೂಡಿ ಡಿಲೋಚ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಒಂಬತ್ತು ತಿಂಗಳ ಮಕ್ಕಳ ಮುಂದೆ ವಸ್ತುಗಳ ಬಣ್ಣದ ಫೋಟೊ ಇರುವ ಪುಸ್ತಕ ಇಟ್ಟಾಗ ಅವು ಚಿತ್ರವನ್ನು ಉಜ್ಜಿದವು, ತಟ್ಟಿದವು, ಪುಟದಿಂದ ಕಿತ್ತುಕೊಳ್ಳಲು ಬೆರಳು ಮಡಿಚಿ ಹೆಣಗಿದವು. ಅಮೆರಿಕದ ಮಕ್ಕಳೂ ಹಾಗೆಯೇ ಮಾಡಿದರು, ಆಫ್ರಿಕಾದ ಐವರಿ ಕೋಸ್ಟಿನ ಬೆಂಗ್ ಸಮುದಾಯದ ಹಳ್ಳಿಯ ಮಕ್ಕಳೂ ಹಾಗೆಯೇ ಮಾಡಿದರು. ಹತ್ತೊಂಬತ್ತು ತಿಂಗಳ ಹೊತ್ತಿಗೆ ಕೀಳುವುದು ನಿಂತು ಬೆರಳು ಮಾಡಿ ತೋರಿಸುವುದು ಶುರುವಾಗಿತ್ತು. ಚಿತ್ರ ಎನ್ನುವುದು ವಸ್ತುವಲ್ಲ, ವಸ್ತುವಿನ ಬದಲಿಗೆ ನಿಂತದ್ದು ಎಂಬ ತಿಳಿವಳಿಕೆ ಈ ಹತ್ತು ತಿಂಗಳಲ್ಲಿ ಬೆಳೆಯುವಂಥದ್ದು. ಇಲ್ಲದ್ದನ್ನು ಇದೆ ಎಂದುಕೊಳ್ಳುವ ಮೊದಲ ಪಾಠ ಅದು. ರಾಕ್ಷಸ, ರೆಕ್ಕೆಯ ಕುದುರೆ ಎಲ್ಲ ಆಮೇಲಿನ ಮಾತು.

ಕೈಯಿಂದ ಓದುವ ಈ ಓದುಗನನ್ನು ಮಿಲಾನಿನ ಬ್ರೂನೊ ಮುನಾರಿಯಷ್ಟು ಗಂಭೀರವಾಗಿ ತೆಗೆದುಕೊಂಡವರು ಕಡಿಮೆ. ಯುದ್ಧಕಾಲದಲ್ಲಿ ತಮ್ಮ ಮಗನಿಗಾಗಿ ಯೋಚಿಸಿದ, ತೆರೆದು ನೋಡುವ ಪುಟ್ಟ ಬಾಗಿಲುಗಳಿರುವ ಪುಸ್ತಕಗಳನ್ನು ಅವರು 1945ರಲ್ಲಿ ಪ್ರಕಟಿಸಿದ್ದರು. 1980ರಲ್ಲಿ ಇನ್ನೂ ಮುಂದೆ ಹೋಗಿ ‘ಪ್ರೆಲಿಬ್ರಿ’ ಮಾಡಿದರು. ಒಂದು ಪೆಟ್ಟಿಗೆಯಲ್ಲಿ 12 ಪುಸ್ತಕ, ಒಂದೊಂದೂ 10 ಸೆಂಟಿಮೀಟರ್ ಚೌಕ, ಪುಟ್ಟ ಅಂಗೈಗೆ ಸರಿಯಾಗಿ. ಕಾಗದ, ರಟ್ಟು, ಮರ, ಬಟ್ಟೆ, ಪ್ಲಾಸ್ಟಿಕ್ ಎಂದು ಒಂದೊಂದಕ್ಕೆ ಒಂದೊಂದು ಮೈ. ಹೊಲಿಗೆ, ಕಟ್ಟು ಕೂಡ ಬೇರೆಬೇರೆ. ಒಳಗೆ ಅಕ್ಷರವಿಲ್ಲ. ಮುಂದಿನ ರಕ್ಷಾಪುಟದಲ್ಲೂ ಹಿಂದಿನದರಲ್ಲೂ ‘ಪುಸ್ತಕ’ ಎಂಬ ಒಂದೇ ಹೆಸರು, ಹಾಗಾಗಿ ಮಗು ಯಾವ ಕಡೆಯಿಂದ ಹಿಡಿದರೂ ತಲೆಕೆಳಗಾಯಿತು ಎಂದು ಯಾರೂ ತಿದ್ದುವಂತಿಲ್ಲ. ಇದು ಪುಸ್ತಕವೇ ಎಂದು ಕೇಳುವವರು ಇದ್ದಾರೆ. ತೆರೆದರೆ ಒಳಗೆ ಏನೋ ಇರುತ್ತದೆ ಎಂಬ ನಿರೀಕ್ಷೆ ಹುಟ್ಟಿಸುವುದಾದರೆ ಅದು ಪುಸ್ತಕವೇ.

ಕೈಗೆ ಕೆಲಸ ಕೊಟ್ಟ ಪುಸ್ತಕಗಳಲ್ಲಿ ಜಗತ್ತಿಗೆಲ್ಲ ಗೊತ್ತಿರುವುದು ಎರಿಕ್ ಕಾರ್ಲ್ ಅವರ ‘ದ ವೆರಿ ಹಂಗ್ರಿ ಕ್ಯಾಟರ್‌ಪಿಲ್ಲರ್’. ಕಾಗದಕ್ಕೆ ತೂತು ಹೊಡೆಯುವ ಪಂಚಿಂಗ್ ಯಂತ್ರದ ಜೊತೆ ಆಟವಾಡುತ್ತಿದ್ದಾಗ, ಹಾಳೆಯ ಕಂತೆಯಲ್ಲಿ ಬಿದ್ದ ತೂತು ಕಂಡು ಅವರಿಗೆ ಪುಸ್ತಕದ ಹುಳು ನೆನಪಾಯಿತು. ಹುಳುವಿಗಿಂತ ಕಂಬಳಿಹುಳ ಚೆನ್ನ ಎಂದು ದಾರಿ ತೋರಿಸಿದವರು ಸಂಪಾದಕಿ ಆ್ಯನ್ ಬೆನೆಡೂಸ್. ಸೋಮವಾರ ಒಂದು ಸೇಬು, ಮಂಗಳವಾರ ಎರಡು ಪೇರು, ಹೀಗೆ ಶುಕ್ರವಾರದ ಐದು ಕಿತ್ತಳೆಯವರೆಗೆ ಹುಳ ತಿನ್ನುತ್ತ ಹೋಗುತ್ತದೆ. ಹಣ್ಣು ಹೆಚ್ಚಿದಂತೆ ಪುಟದ ಅಗಲ ಹೆಚ್ಚುತ್ತದೆ, ತಿಂದಲ್ಲೆಲ್ಲ ನಿಜವಾದ ತೂತು. ಈ ಅಳತೆ ತಪ್ಪಿದ ಪುಟಗಳನ್ನೂ ತೂತುಗಳನ್ನೂ ಕೈಗೆಟಕುವ ಖರ್ಚಿನಲ್ಲಿ ಮಾಡಿಕೊಡುವ ಮುದ್ರಕರು ಅಮೆರಿಕದಲ್ಲಿ ಸಿಗಲಿಲ್ಲ. ಬೆನೆಡೂಸ್ ಜಪಾನಿನಲ್ಲಿ ಹುಡುಕಿದರು. 1969ರ ಮೊದಲ ಮುದ್ರಣ ಆದದ್ದು ಅಲ್ಲೇ. ಮುಂದೆ 60ಕ್ಕೂ ಹೆಚ್ಚು ಭಾಷೆ, 5 ಕೋಟಿಗೂ ಹೆಚ್ಚು ಪ್ರತಿ. ಚಿಟ್ಟೆ ಕೋಶ ಕಟ್ಟುವ ಬಗೆಯನ್ನು ಕಾರ್ಲ್ ತಪ್ಪಾಗಿ ಹೇಳಿದ್ದಾರೆ ಎಂದು ಜೀವಶಾಸ್ತ್ರ ಬಲ್ಲವರು ಅಂದಿನಿಂದ ಇಂದಿನವರೆಗೂ ದೂರುತ್ತ ಬಂದಿದ್ದಾರೆ. ಕ್ರೂಪ್‌ಸ್ಕಾಯಾ ಅವರ ಮೊಸಳೆಗೆ ಸಂತಾನ ಬಹಳ.

ಕಾರ್ಲ್ ಅವರ ಬಣ್ಣದ ಹಿಂದೆ ಒಂದು ಕಥೆಯಿದೆ. ಅಮೆರಿಕದಲ್ಲಿ ಹುಟ್ಟಿದ ಅವರು ಬೆಳೆದದ್ದು ಹಿಟ್ಲರನ ಜರ್ಮನಿಯಲ್ಲಿ. ಶಾಲೆಯ ಚಿತ್ರಕಲಾ ಮೇಷ್ಟ್ರು ಕ್ರೌಸ್ ಒಮ್ಮೆ ಹುಡುಗನನ್ನು ಗುಟ್ಟಾಗಿ ಮನೆಗೆ ಕರೆಸಿ, ಸರ್ಕಾರ ‘ಹಾಳು ಕಲೆ’ ಎಂದು ನಿಷೇಧಿಸಿದ್ದ ಪಿಕಾಸೊ, ಮಾತಿಸ್, ಕ್ಲೇ ಚಿತ್ರಗಳ ಪ್ರತಿಗಳನ್ನು ತೋರಿಸಿದರು. ಮುಂದೆ ಟಿಶ್ಯೂ ಕಾಗದಕ್ಕೆ ತಾವೇ ಬಣ್ಣ ಬಳಿದು, ಕತ್ತರಿಸಿ ಅಂಟಿಸುವ ಅವರ ವಿಧಾನದಲ್ಲಿ ಕುದುರೆ ನೀಲಿಯಾದರೆ, ಬೆಕ್ಕು ನೇರಳೆಯಾದರೆ ಯಾರೂ ಬೆಚ್ಚಲಿಲ್ಲ. ಮಕ್ಕಳಂತೂ ಮೊದಲೇ ಬೆಚ್ಚುವವರಲ್ಲ.

ಎಳೆಯರು ಎಷ್ಟು ಕಡಿಮೆಯಲ್ಲಿ ಕಥೆ ಕಟ್ಟಿಕೊಳ್ಳಬಲ್ಲರು ಎಂಬುದಕ್ಕೆ ಲಿಯೊ ಲಿಯೋನಿ ಅವರ ರೈಲು ಪ್ರಯಾಣ ಸಾಕ್ಷಿ. ‘ಫಾರ್ಚೂನ್’ ಪತ್ರಿಕೆಯ ಕಲಾ ನಿರ್ದೇಶಕರಾಗಿದ್ದ ಅವರು ಇಬ್ಬರು ಮೊಮ್ಮಕ್ಕಳೊಂದಿಗೆ ನ್ಯೂಯಾರ್ಕಿನಿಂದ ಹೊರಟಿದ್ದರು. ಮಕ್ಕಳ ಗಲಾಟೆ ತಡೆಯಲಾರದೆ ‘ಲೈಫ್’ ಪತ್ರಿಕೆಯ ಪುಟದಿಂದ ಒಂದು ನೀಲಿ ಚೂರು, ಒಂದು ಹಳದಿ ಚೂರು ಹರಿದು ಮಡಿಲ ಮೇಲೆ ಇಟ್ಟು ಕಥೆ ಹೇಳತೊಡಗಿದರು. ನೀಲಿ ಮತ್ತು ಹಳದಿ ಗೆಳೆಯರು, ಅಪ್ಪಿಕೊಂಡಾಗ ಹಸಿರಾಗುತ್ತಾರೆ, ಮನೆಗೆ ಹೋದರೆ ಅಪ್ಪ ಅಮ್ಮನಿಗೆ ಗುರುತೇ ಸಿಗುವುದಿಲ್ಲ. 1959ರಲ್ಲಿ ಅದು ‘ಲಿಟಲ್ ಬ್ಲೂ ಅಂಡ್ ಲಿಟಲ್ ಯೆಲ್ಲೋ’ ಆಯಿತು. ಕಣ್ಣಿಲ್ಲ, ಮೂಗಿಲ್ಲ, ಕೈಕಾಲಿಲ್ಲ. ಬರೀ ಹರಿದ ಕಾಗದದ ಚೂರು. ಅವು ಅಳುವ ಪುಟ ಬಂದಾಗ ಎರಡು ವರ್ಷದ ಮಗುವಿನ ಮುಖ ನೋಡಬೇಕು.

ಜಪಾನಿನಲ್ಲಿ ಎಳೆಯರ ಪುಸ್ತಕವೆಂದರೆ ಪಕ್ಕದ ದಾರಿಯ ವ್ಯವಹಾರವಲ್ಲ, ದೊಡ್ಡ ಕಸುಬು. ಮಿಯೊಕೊ ಮಾತ್ಸುತಾನಿ ಬರೆದು ಯಾಸುಒ ಸೆಗಾವಾ ಚಿತ್ರ ಬಿಡಿಸಿದ ‘ಇನಾಯ್ ಇನಾಯ್ ಬಾ’ 1967ರದು. ಬೆಕ್ಕು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದೆ. ಪುಟ ತಿರುವಿದರೆ ಕೈ ತೆಗೆದಿದೆ. ಆಮೇಲೆ ಕರಡಿ, ಇಲಿ, ನರಿ. ನಮ್ಮ ಮನೆಗಳಲ್ಲಿ ಸೆರಗಿನಿಂದ ಮುಖ ಮರೆಮಾಡಿ ತೆಗೆಯುವ ಆಟವೇ ಇದು, ಹೆಚ್ಚೇನೂ ಇಲ್ಲ. ಆ ಪುಸ್ತಕದ 70 ಲಕ್ಷಕ್ಕೂ ಹೆಚ್ಚು ಪ್ರತಿ ಖರ್ಚಾಗಿವೆ. ಗುಟ್ಟಿರುವುದು ಜೋಡಣೆಯಲ್ಲಿ: ಮುಚ್ಚಿದ ಮುಖ ಯಾವಾಗಲೂ ಒಂದು ತೆರೆವಿನಲ್ಲಿ (ಎದುರುಬದುರಾಗಿ ತೆರೆದುಕೊಳ್ಳುವ ಜೋಡಿ ಪುಟದಲ್ಲಿ), ತೆರೆದ ಮುಖ ಮುಂದಿನ ತೆರೆವಿನಲ್ಲಿ. ಎರಡನ್ನೂ ಅಕ್ಕಪಕ್ಕ ಅಚ್ಚು ಮಾಡಿದ್ದರೆ ಕಾಗದ ಉಳಿಯುತ್ತಿತ್ತು, ಪುಸ್ತಕ ಸಾಯುತ್ತಿತ್ತು. 1956ರಿಂದ ಚಿತ್ರಪುಸ್ತಕಗಳ ಮಾಸಿಕ ನಡೆಸುತ್ತ ಬಂದ ಫುಕುಇನ್‌ಕಾನ್ ಸಂಸ್ಥೆ 1995ರಲ್ಲಿ ಸೊನ್ನೆ, ಒಂದು, ಎರಡು ವರ್ಷದವರಿಗೆಂದೇ ಇನ್ನೊಂದು ಮಾಸಿಕ ಆರಂಭಿಸಿತು. ಸೊನ್ನೆ ವರ್ಷದ ಚಂದಾದಾರ!

ಮಾರಿಸ್ ಸೆಂಡಾಕ್ ಅವರ 1963ರ ‘ವೇರ್ ದ ವೈಲ್ಡ್ ಥಿಂಗ್ಸ್ ಆರ್’ ಸ್ವಲ್ಪ ದೊಡ್ಡ ಮಕ್ಕಳದು, ಆದರೂ ಒಂದು ಕಾರಣಕ್ಕೆ ಇಲ್ಲಿ ಬೇಕು. ಮೊದಲು ಅದು ಕಾಡುಕುದುರೆಗಳ ಕಥೆಯಾಗಬೇಕಿತ್ತು. ಕುದುರೆ ಬಿಡಿಸಲು ಕೈ ಬಗ್ಗದೆ ಸೆಂಡಾಕ್ ವಿಚಿತ್ರ ಮೃಗಗಳಿಗೆ ಇಳಿದರು. ಹುಡುಗ ಸಿಟ್ಟಿಗೆದ್ದು ಕಲ್ಪನೆಗೆ ಜಾರಿದಂತೆ ಪುಟದ ಅಂಚಿನ ಬಿಳಿ ಜಾಗ ಕುಗ್ಗುತ್ತ, ಚಿತ್ರ ಬೆಳೆಯುತ್ತ ಹೋಗಿ, ಕೊನೆಗೆ ಸಾಲಾಗಿ ಮೂರು ತೆರೆವುಗಳಲ್ಲಿ ಒಂದೂ ಅಕ್ಷರವಿಲ್ಲ. ಮಕ್ಕಳು ಹೆದರಿಯಾರು ಎಂದು ಹೆದರಿದ ದೊಡ್ಡವರು ಬಹಳ ಮಂದಿ. ಆ ಮೂರು ತೆರೆವುಗಳಲ್ಲಿ ಓದಿ ಹೇಳುವವರು ಏನು ಮಾಡಬೇಕೆಂಬುದನ್ನು ಮಕ್ಕಳೇ ಹೇಳಿಕೊಟ್ಟರು: ಕುಣಿಯಬೇಕು, ಕೂಗಬೇಕು.

ಭಾರತಕ್ಕೆ ಈ ಸಂಪತ್ತು ಒಂದು ಕಾಲದಲ್ಲಿ ಮಾಸ್ಕೋದಿಂದ ಬರುತ್ತಿತ್ತು. 1920ರ ದಶಕದ ಲೆನಿನ್‌ಗ್ರಾದ್‌ನಲ್ಲಿ ಕವಿ ಮಾರ್ಷಾಕ್ ಮತ್ತು ಕಲಾವಿದ ಲೆಬೆದೆವ್ ಸೇರಿ ‘ಸರ್ಕಸ್’, ‘ಐಸ್‌ಕ್ರೀಮ್’ನಂಥ ಪುಸ್ತಕಗಳಿಂದ ಕಟ್ಟಿದ ಪರಂಪರೆಯ ಮುಂದಿನ ತಲೆಮಾರಿನ ಪುಸ್ತಕಗಳು ಕನ್ನಡದಲ್ಲೇ ಅಚ್ಚಾಗಿ ಬಂದು, ನವಕರ್ನಾಟಕದ ಮಳಿಗೆಗಳಲ್ಲಿ ಕಡಲೆಕಾಯಿ ಬೆಲೆಗೆ ಸಿಗುತ್ತಿದ್ದವು. 1991ರಲ್ಲಿ ಸೋವಿಯತ್ ಒಕ್ಕೂಟದ ಜೊತೆ ಅದೂ ಮುಗಿಯಿತು. ದೆಹಲಿಯಲ್ಲಿ 1957ರಲ್ಲೇ ನ್ಯಾಷನಲ್ ಬುಕ್ ಟ್ರಸ್ಟ್ ಮತ್ತು ವ್ಯಂಗ್ಯಚಿತ್ರಕಾರ ಶಂಕರ್ ಅವರ ಚಿಲ್ಡ್ರನ್ಸ್ ಬುಕ್ ಟ್ರಸ್ಟ್ ಹುಟ್ಟಿದ್ದವು. ತೊಂಬತ್ತರ ದಶಕದಲ್ಲಿ ಚೆನ್ನೈನ ತಾರಾ ಮತ್ತು ತೂಲಿಕಾ, 2004ರಲ್ಲಿ ಬೆಂಗಳೂರಿನ ಪ್ರಥಮ್ ಬುಕ್ಸ್ ಬಂದವು. ಪ್ರಥಮ್ 2015ರಲ್ಲಿ ‘ಸ್ಟೋರಿವೀವರ್’ ತೆರೆದು ಯಾರು ಬೇಕಾದರೂ ಅನುವಾದಿಸಿ ಹಂಚಬಹುದಾದ ಚಿತ್ರಕಥೆಗಳನ್ನು ಮುಕ್ತವಾಗಿ ಇಟ್ಟಿತು. ಇವತ್ತು ಕನ್ನಡದಲ್ಲಿ ಸಿಗುವ ಎಳೆಯರ ಚಿತ್ರಪುಸ್ತಕಗಳಲ್ಲಿ ದೊಡ್ಡ ಪಾಲು ಹೀಗೆ ಬೇರೆ ಭಾಷೆಯಿಂದ ಬಂದದ್ದು.

ಬಂದದ್ದರಲ್ಲಿ ತಪ್ಪಿಲ್ಲ, ಬರುವ ದಾರಿಯಲ್ಲಿ ಒಂದು ಇಕ್ಕಟ್ಟಿದೆ. ಬಣ್ಣದ ಮುದ್ರಣಕ್ಕೆ ನಾಲ್ಕು ಪ್ಲೇಟು ಬೇಕು. ಹಲವು ಭಾಷೆಯಲ್ಲಿ ಒಂದೇ ಪುಸ್ತಕ ತರುವವರು ಚಿತ್ರದ ಪ್ಲೇಟುಗಳನ್ನು ಹಾಗೇ ಇಟ್ಟು ಕಪ್ಪು ಪ್ಲೇಟನ್ನು ಮಾತ್ರ ಭಾಷೆಯಿಂದ ಭಾಷೆಗೆ ಬದಲಾಯಿಸುತ್ತಾರೆ. ಖರ್ಚು ಉಳಿಯುವುದು ಹಾಗೆ. ಆದ್ದರಿಂದ ಅಕ್ಷರ ಕಪ್ಪಾಗಿಯೇ ಇರಬೇಕು, ಬಿಟ್ಟ ಜಾಗದಲ್ಲೇ ಕೂರಬೇಕು. ಇಂಗ್ಲಿಷಿನ ಅಳತೆಗೆ ಬಿಟ್ಟ ಆ ಜಾಗಕ್ಕೆ ಒತ್ತಕ್ಷರ, ದೀರ್ಘ, ಕೊಂಬು ಹೊತ್ತ ಕನ್ನಡದ ಸಾಲು ಬಂದಾಗ ಅಕ್ಷರದ ಗಾತ್ರ ಕುಗ್ಗುತ್ತದೆ, ಸಾಲಿನ ನಡುವಿನ ತೆರಪು ಹೋಗುತ್ತದೆ. ಅನುಷ್ಕಾ ರವಿಶಂಕರ್ ಬರೆದು ಪುಲಕ್ ಬಿಸ್ವಾಸ್ ಚಿತ್ರಿಸಿದ ತಾರಾ ಪ್ರಕಾಶನದ ‘ಟೈಗರ್ ಆನ್ ಎ ಟ್ರೀ’ 1997ರಲ್ಲಿ ಬರೀ ಕಿತ್ತಳೆ ಮತ್ತು ಕಪ್ಪಿನಲ್ಲಿ, ಹುಲಿಯ ಜೊತೆ ಅಕ್ಷರವನ್ನೂ ಪುಟದ ತುಂಬ ಓಡಾಡಿಸಿತು. ಬಣ್ಣ ಎರಡೇ ಆದರೆ ಖರ್ಚೂ ಇಳಿಯುತ್ತದೆ. ಮೊದಲಿನಿಂದ ಕನ್ನಡದಲ್ಲೇ ಯೋಚಿಸಿದ ಪುಸ್ತಕಕ್ಕೆ ಮಾತ್ರ ಇಂಥ ಓಡಾಟ ಸಾಧ್ಯ.

ಕನ್ನಡಕ್ಕೆ ಕಿವಿಯ ಆಸ್ತಿ ಕಡಿಮೆಯೇನಿಲ್ಲ. ಪಂಜೆ ಮಂಗೇಶರಾಯರಿಂದ ಜಿ.ಪಿ. ರಾಜರತ್ನಂ ಅವರವರೆಗೆ ಶಿಶುಗೀತೆ ಹರಿದು ಬಂದಿದೆ, ಶಿವರಾಮ ಕಾರಂತರು 1936ರಷ್ಟು ಹಿಂದೆಯೇ ಮಕ್ಕಳಿಗಾಗಿ ‘ಬಾಲ ಪ್ರಪಂಚ’ ತಂದಿದ್ದಾರೆ. ಆದರೆ ಪದ್ಯದ ಪುಸ್ತಕದಲ್ಲಿ ಚಿತ್ರ ಪಕ್ಕಕ್ಕೆ ಕೂತ ಅತಿಥಿಯಾಗಿಯೇ ಉಳಿಯಿತು. ಅಂಗಡಿಯಲ್ಲಿ ಸಿಗುವ ರಟ್ಟಿನ ಪುಸ್ತಕಗಳಲ್ಲಿ ಹಣ್ಣು, ತರಕಾರಿ, ಸಾಕುಪ್ರಾಣಿ, ಅ ಆ ಇ ಈ ತುಂಬಿರುತ್ತವೆ. ಪ್ರತಿ ಚಿತ್ರದ ಕೆಳಗೂ ಹೆಸರು. ಕಥೆ ಇದ್ದರೆ ಕೊನೆಯ ಪುಟದಲ್ಲಿ ನೀತಿ ಕಾದು ಕೂತಿರುತ್ತದೆ. ಊಹಿಸಲು ಜಾಗ ಎಲ್ಲೂ ಇಲ್ಲ.

ಮಾತು ಕಡಿಮೆ ಇರುವ ಪುಸ್ತಕ ಕನ್ನಡಕ್ಕೆ ಹೆಚ್ಚು ಒಗ್ಗುತ್ತದೆ ಎನ್ನಲು ಇನ್ನೊಂದು ಕಾರಣವಿದೆ. ಅಚ್ಚಾದ ಕನ್ನಡ ಯಾರ ಮನೆಯ ಮಾತೂ ಅಲ್ಲ. ಧಾರವಾಡದ ಅಜ್ಜಿ, ಪುತ್ತೂರಿನ ಅಮ್ಮ, ಕಲಬುರಗಿಯ ಅಣ್ಣ ಪುಟದಲ್ಲಿ ‘ಹೋಗುತ್ತಾನೆ’ ಎಂದಿದ್ದರೂ ಮಗುವಿಗೆ ಹೇಳುವಾಗ ತಮ್ಮ ಬಾಯಿಗೆ ಬಂದಂತೆ ತಿರುಗಿಸಿಕೊಳ್ಳುತ್ತಾರೆ, ತಿರುಗಿಸಿಕೊಳ್ಳಲೇಬೇಕು. ಮನೋವಿಜ್ಞಾನಿಗಳಾದ ಅನಾತ್ ನಿನಿಯೊ ಮತ್ತು ಜೆರೋಮ್ ಬ್ರೂನರ್ 1978ರಲ್ಲಿ ಒಬ್ಬ ತಾಯಿ ಮತ್ತು ಮಗುವಿನ ಪುಸ್ತಕ ನೋಡುವ ಹೊತ್ತನ್ನು ತಿಂಗಳುಗಟ್ಟಲೆ ಗಮನಿಸಿ ಬರೆದಿದ್ದಾರೆ: ತಾಯಿ ಗಮನ ಸೆಳೆಯುತ್ತಾಳೆ, ಇದೇನು ಎನ್ನುತ್ತಾಳೆ, ಮಗು ಏನೋ ಸದ್ದು ಮಾಡುತ್ತದೆ, ತಾಯಿ ಅದನ್ನೇ ಉತ್ತರವೆಂದು ಒಪ್ಪಿ ಹೆಸರು ಹೇಳುತ್ತಾಳೆ. ನಡೆಯುವುದು ಓದಲ್ಲ, ಹರಟೆ. ಪುಟದಲ್ಲಿ ಸಾಲು ಹೆಚ್ಚಾದಷ್ಟೂ ಈ ಹರಟೆಗೆ ಬಾಯಿ ಕಟ್ಟುತ್ತದೆ. ಅಕ್ಷರ ಬಾರದ ಅಜ್ಜಿ ಪುಸ್ತಕ ಮುಟ್ಟುವುದನ್ನೇ ಬಿಡುತ್ತಾಳೆ.

ಈ ಪುಸ್ತಕಗಳನ್ನು ಯಾರು ಕೊಡಬೇಕು? 1992ರಲ್ಲಿ ಇಂಗ್ಲೆಂಡಿನಲ್ಲಿ ‘ಬುಕ್‌ಸ್ಟಾರ್ಟ್’ ಶುರುವಾದಾಗ ಮಕ್ಕಳ ಆರೋಗ್ಯ ತಪಾಸಣೆಯ ಹೊತ್ತಿಗೇ ಪುಸ್ತಕದ ಚೀಲ ಕೊಡುವ ಏರ್ಪಾಟು ಮಾಡಿದರು. ಇಡೀ ದೇಶಕ್ಕೆ ಹಬ್ಬಿ, ಜಪಾನಿಗೂ ಹೋಯಿತು. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ‘ಓದುವ ಬೆಳಕು’ ಕಾರ್ಯಕ್ರಮ 6ರಿಂದ 18 ವರ್ಷದವರಿಗೆ ಉಚಿತ ಸದಸ್ಯತ್ವ ಕೊಟ್ಟಿದೆ. ಮೂರರಿಂದ ಆರರವರೆಗಿನವರು ಅಂಗನವಾಡಿಯಲ್ಲಿ ‘ಚಿಲಿಪಿಲಿ’ ಪಠ್ಯಕ್ರಮದ ಕೈಗೆ ಬರುತ್ತಾರೆ. ಮೂರರೊಳಗಿನ ಮಗುವಿಗೆ ವ್ಯವಸ್ಥೆ ಪೌಷ್ಟಿಕ ಆಹಾರದ ಪೊಟ್ಟಣ ಕಳಿಸುತ್ತದೆ, ತೂಕ ನೋಡುತ್ತದೆ, ಲಸಿಕೆ ಹಾಕುತ್ತದೆ. ಪುಸ್ತಕ ಆ ಪಟ್ಟಿಯಲ್ಲಿಲ್ಲ. ದಡಾರ–ರುಬೆಲ್ಲಾ ಲಸಿಕೆಯ ಮೊದಲ ಡೋಸ್‌ಗೆ ಮಗುವನ್ನು ಎತ್ತಿಕೊಂಡು ಬರುವ ತಾಯಿಯ ಹೆಸರು ಆಶಾ ಕಾರ್ಯಕರ್ತೆಯ ಬಳಿ ಇದ್ದೇ ಇರುತ್ತದೆ, ತಾಯಿ ಕಾರ್ಡಿನಲ್ಲಿ ದಿನಾಂಕವೂ ಇರುತ್ತದೆ. ಹಂಚುವ ಜಾಲ ಹೊಸದಾಗಿ ಕಟ್ಟಬೇಕಾಗಿಲ್ಲ. ಎರಡು ಬಣ್ಣದ, ಎಂಟು ತೆರೆವಿನ, ಬಾಯಿಗೆ ಹಾಕಿದರೂ ಹರಿಯದ ಒಂದು ಕನ್ನಡ ಪುಸ್ತಕ ಬೇಕು. ಮೊದಲ ಪ್ರಯತ್ನಕ್ಕೆ ಒಂದು ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಸಾಕು. ಬುಕ್‌ಸ್ಟಾರ್ಟ್ ಬರ್ಮಿಂಗ್‌ಹ್ಯಾಮಿನಲ್ಲಿ ಶುರುವಾದದ್ದು 300 ಮಕ್ಕಳಿಂದ.